ಉರಿಯಿಲ್ಲದ ಒಲೆ

ಒಲೆಯ ಮುಂದೆ ಬೆಳೆದ ಮಗುವಿಗೆ ಬೆಂಕಿಯ ಗುಣವನ್ನು ಯಾರೂ ಪಾಠ ಹೇಳಿ ಕಲಿಸಬೇಕಾಗಿಲ್ಲ. ಕೆಂಪಗೆ ಹೊಳೆಯುವ ಕೆಂಡ, ಕಣ್ಣುರಿಸುವ ಹೊಗೆ, ಪಾತ್ರೆಯ ಕಂಠದವರೆಗೆ ಉಕ್ಕಿ ಬರುವ ಹಾಲು, ಒಗ್ಗರಣೆಯಲ್ಲಿ ಚಟಪಟನೆ ಸಿಡಿಯುವ ಸಾಸಿವೆ, ಅನ್ನ ತಳ ಹಿಡಿದಾಗ ಮನೆಯನ್ನೆಲ್ಲ ತುಂಬುವ ಸೀದ ವಾಸನೆ, ಇವೆಲ್ಲವೂ ಬಿಸಿಯ ದೂತರು. ಬಿಸಿ ಎಲ್ಲಿದೆ, ಎಷ್ಟಿದೆ, ಯಾವಾಗ ಕೈಯನ್ನು ಹಿಂದೆಗೆಯಬೇಕು ಎಂಬುದನ್ನು ಅವು ಕೇಳದಿದ್ದರೂ ಬಂದು ತಿಳಿಸುತ್ತವೆ. ಅನಾದಿಕಾಲದಿಂದ ಬೆಂಕಿಯ ಸಹವಾಸದಲ್ಲಿ ಬಾಳಿಬಂದ ಮಾನವನ ಇಂದ್ರಿಯಗಳು ಈ ದೂತರ ಮಾತನ್ನು ಚೆನ್ನಾಗಿ ಬಲ್ಲವು.

ಈಚಿನ ದಶಕಗಳಲ್ಲಿ ನಮ್ಮ ನಗರ ಪಟ್ಟಣಗಳ ಅನೇಕ ಅಡುಗೆಮನೆಗಳನ್ನು ಹೊಕ್ಕಿರುವ ಮೈಕ್ರೋವೇವ್ ಓವನ್ ಎಂಬ ಪೆಟ್ಟಿಗೆಯೊಲೆಯಾದರೋ ಈ ದೂತರಲ್ಲಿ ಬಹುಪಾಲು ಜನರಿಗೆ ರಜೆ ಕೊಟ್ಟುಬಿಟ್ಟಿದೆ. ಅಲ್ಲಿ ಉರಿಯಿಲ್ಲ, ಕೆಂಡವಿಲ್ಲ, ಹೊಗೆಯಿಲ್ಲ. ಒಂದು ಸಣ್ಣ ದೀಪ ಬೆಳಗುತ್ತದೆ. ತಟ್ಟೆಯೊಂದು ಮೆಲ್ಲಗೆ ತಿರುಗುತ್ತದೆ. ಒಂದೆರಡು ನಿಮಿಷಗಳ ತರುವಾಯ ಗಂಟೆ ಬಾರಿಸುತ್ತದೆ. ಒಳಗಿನ ಪದಾರ್ಥ ಸುಡುತ್ತಿದೆಯೋ ಉಗುರು ಬೆಚ್ಚಗಿದೆಯೋ ನೋಟದಿಂದ ತಿಳಿಯುವಂತಿಲ್ಲ. ಇಂದ್ರಿಯಗಳ ಎಚ್ಚರಿಕೆ ಇಲ್ಲದ ಕಡೆ ಜನರ ಭಯ ದಾರಿ ತಪ್ಪುವುದು ಸಹಜ. ಈ ಒಲೆ ಕೆಲಸ ಮಾಡುವಾಗ ಕಿರಣಗಳಿಗೆ ಹೆದರಿ ಪಕ್ಕದ ಕೋಣೆಗೆ ಹೋಗಿ ನಿಲ್ಲುವವರಿದ್ದಾರೆ. ಅದೇ ಜನ ಅರೆಕ್ಷಣದ ಬಳಿಕ ಬಾಗಿಲು ತೆರೆದು, ಗುಳ್ಳೆಯೂ ಇಲ್ಲದೆ ಶಾಂತವಾಗಿ ಕಾಣುವ ನೀರಿನ ಲೋಟದ ಮೇಲೆ ಮುಖವಿಟ್ಟು ಇಣುಕುತ್ತಾರೆ. ಹೆದರಬೇಕಾಗಿಲ್ಲದ ಕಡೆ ಹೆದರಿಕೆ, ಹೆದರಬೇಕಾದ ಕಡೆ ನಿಶ್ಚಿಂತೆ! ಈ ವೈಪರೀತ್ಯ ಹೋಗಬೇಕಾದರೆ ಪೆಟ್ಟಿಗೆಯೊಳಗೆ ನಡೆಯುವುದೇನೆಂಬುದನ್ನು ಅರಿಯಬೇಕು.

ಇದರ ಹುಟ್ಟು ಅಡುಗೆಮನೆಯಲ್ಲಿ ಆದುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುವಿಮಾನಗಳನ್ನು ದೂರದಿಂದಲೇ ಪತ್ತೆ ಹಚ್ಚುವ ರೇಡಾರ್ ಯಂತ್ರಕ್ಕೆ ಪ್ರಬಲವಾದ ಕಿರು ಅಲೆಗಳನ್ನು ಉತ್ಪಾದಿಸುವ ಸಾಧನವೊಂದು ಬೇಕಾಗಿತ್ತು. 1940ರ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಎಂಬ ವಿಜ್ಞಾನಿಗಳು ಅದಕ್ಕೆ ತಕ್ಕ ಮ್ಯಾಗ್ನೆಟ್ರಾನ್ ಎಂಬ ಕೊಳವೆಯನ್ನು ರೂಪಿಸಿದರು. ಅದೇ ವರ್ಷ ಅದು ಅಮೆರಿಕಕ್ಕೆ ಹೋಯಿತು. ಅಲ್ಲಿನ ರೇಥಿಯಾನ್ ಎಂಬ ಕಂಪನಿ ಅದನ್ನು ಸಾವಿರಗಟ್ಟಲೆ ತಯಾರಿಸತೊಡಗಿತು. ಈ ಕಂಪನಿಯಲ್ಲಿ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರನಿದ್ದ. ಬಾಲ್ಯದಲ್ಲಿಯೇ ಅನಾಥನಾಗಿ, ಶಾಲೆಯನ್ನು ಅರ್ಧದಲ್ಲಿಯೇ ಬಿಟ್ಟು ಗಿರಣಿಯ ಕೂಲಿಗೆ ಹೋದ ಹುಡುಗ ಅವನು. ಮುಂದೆ ನೌಕಾದಳ ಸೇರಿ, ಪಹರೆಯ ರಾತ್ರಿಗಳಲ್ಲಿ ಪುಸ್ತಕ ಓದಿ ರೇಡಿಯೋ ವಿದ್ಯೆಯನ್ನು ತಾನೇ ಕಲಿತವನು. 1945ರಲ್ಲಿ ಒಂದು ದಿನ ಉರಿಯುತ್ತಿದ್ದ ಮ್ಯಾಗ್ನೆಟ್ರಾನಿನ ಬಳಿ ನಿಂತಿದ್ದಾಗ ಅವನ ಜೇಬಿನಲ್ಲಿದ್ದ ಮಿಠಾಯಿ ಕರಗಿಹೋಯಿತೆಂದು ಹೇಳುತ್ತಾರೆ. ಇಂಥದನ್ನು ಬೇರೆಯವರೂ ಗಮನಿಸಿರಬಹುದು. ಕಾರಣವನ್ನು ಬೆನ್ನಟ್ಟಿ ಹೋದವನು ಸ್ಪೆನ್ಸರ್. ಜೋಳದ ಕಾಳುಗಳನ್ನು ತಂದು ಕೊಳವೆಯ ಮುಂದಿಟ್ಟ, ಅವು ಅರಳಾದವು. ಮೊಟ್ಟೆಯನ್ನಿಟ್ಟ; ಅದು ಸಿಡಿಯಿತು. ಹೀಗೆ, ಈ ಒಲೆಯ ಉಪಯೋಗವೂ ಅಪಾಯವೂ ಹೆಚ್ಚುಕಡಿಮೆ ಒಟ್ಟಿಗೇ ಬೆಳಕಿಗೆ ಬಂದುವೆನ್ನಬಹುದು. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಪೆನ್ಸರ್ ತನ್ನ ವಿಧಾನಕ್ಕೆ ಪೇಟೆಂಟ್ ಕೋರಿದ.

1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಒಲೆ ಆಳೆತ್ತರವಿತ್ತು. ತೂಕ ಸುಮಾರು 340 ಕಿಲೋಗ್ರಾಮ್. ಅದನ್ನು ತಂಪಾಗಿಡಲು ನಲ್ಲಿಯ ನೀರನ್ನು ಹರಿಸಬೇಕಾಗಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಇಡಬಹುದಾದ, ಮನೆವಾರ್ತೆಗೆ ತಕ್ಕ ಒಲೆ ಅಮೆರಿಕದ ಪೇಟೆಗೆ ಬಂದುದು 1967ರಲ್ಲಿ. ಇಲ್ಲಿ ನಮ್ಮ ದೇಶದವರೊಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ಇಂಥ ಕಿರು ಅಲೆಗಳ ಗುಣಗಳನ್ನು ಆಳವಾಗಿ ಶೋಧಿಸಿದ ಮೊದಲಿಗರಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಒಬ್ಬರು. ಕೆಲವೇ ಮಿಲಿಮೀಟರ್ ಉದ್ದದ ಅಲೆಗಳನ್ನು ಅವರು ತಮ್ಮ ಪ್ರಯೋಗಶಾಲೆಯಲ್ಲಿ ಹುಟ್ಟಿಸಿದ್ದರು. 1895ರಲ್ಲಿ ಕಲ್ಕತ್ತೆಯಲ್ಲಿ ನೆರೆದ ಜನರ ಮುಂದೆ, ನಡುವೆ ಗೋಡೆಗಳಿದ್ದರೂ ಕಣ್ಣಿಗೆ ಕಾಣದ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಹೊತ್ತಿಸಿ ತೋರಿಸಿದರು.

ಬೆಳಕು, ರೇಡಿಯೋ ಅಲೆ, ಕ್ಷಕಿರಣ ಇವೆಲ್ಲವೂ ವಿದ್ಯುತ್ಕಾಂತ ತರಂಗಗಳೆಂಬ ಒಂದೇ ಕುಟುಂಬಕ್ಕೆ ಸೇರಿದವು. ಮೈಕ್ರೋವೇವ್ ಅಥವಾ ಸೂಕ್ಷ್ಮತರಂಗವೂ ಅದೇ ಮನೆತನದ್ದು. ಮನೆಯ ಒಲೆಯಲ್ಲಿ ಬಳಸುವ ತರಂಗದ ಆವೃತ್ತಿ ಸೆಕೆಂಡಿಗೆ 245 ಕೋಟಿ. ಉದ್ದ ಸುಮಾರು 12 ಸೆಂಟಿಮೀಟರ್, ಎಂದರೆ ಹೆಚ್ಚುಕಡಿಮೆ ಒಂದು ಗೇಣಿನ ಅರ್ಧ. ಈಗ ನೀರಿನ ಅಣುವನ್ನು ನೆನಪಿಗೆ ತಂದುಕೊಳ್ಳಿ. ಅದರ ಒಂದು ತುದಿ ತುಸು ಧನಾವೇಶವುಳ್ಳದ್ದು, ಇನ್ನೊಂದು ತುಸು ಋಣಾವೇಶವುಳ್ಳದ್ದು. ತರಂಗದ ವಿದ್ಯುತ್ ಕ್ಷೇತ್ರ ದಿಕ್ಕು ಬದಲಿಸಿದಂತೆಲ್ಲ ಅಣುವೂ ಅತ್ತ ತಿರುಗಲು ಹವಣಿಸುತ್ತದೆ. ಜಾತ್ರೆಯ ಇಕ್ಕಟ್ಟಿನಲ್ಲಿ ಎಲ್ಲರೂ ಒಮ್ಮೆ ಪೂರ್ವಕ್ಕೂ ಒಮ್ಮೆ ಪಶ್ಚಿಮಕ್ಕೂ ತಿರುಗಲು ಯತ್ನಿಸಿದರೆ ಹೇಗೋ ಹಾಗೆ ಅಣುಗಳು ನೆರೆಯ ಅಣುಗಳನ್ನು ತಳ್ಳಾಡುತ್ತವೆ. ಈ ತಳ್ಳಾಟವೇ ಉಷ್ಣವಾಗಿ ಪರಿಣಮಿಸುತ್ತದೆ. ಸಾಮಾನ್ಯ ಒಲೆಯಲ್ಲಿ ಬೆಂಕಿ ಪಾತ್ರೆಯನ್ನು ಕಾಯಿಸಿ, ಪಾತ್ರೆ ಪದಾರ್ಥವನ್ನು ಕಾಯಿಸುತ್ತದೆ. ಇಲ್ಲಿ ಮಧ್ಯವರ್ತಿಯಿಲ್ಲ, ಪದಾರ್ಥದಲ್ಲಿರುವ ನೀರೇ ನೇರವಾಗಿ ಕಾಯುತ್ತದೆ.

ಈ ಒಲೆ ಆಹಾರವನ್ನು ನಡುವಿನಿಂದ ಹೊರಕ್ಕೆ ಬೇಯಿಸುತ್ತದೆಂಬ ಮಾತು ಬಹಳವಾಗಿ ಪ್ರಚಾರದಲ್ಲಿದೆ. ಅದು ಸರಿಯಲ್ಲ. ಅಲೆಗಳು ಒಳಗೆ ಹೋಗುತ್ತಾ ಹೋಗುತ್ತಾ ಶಕ್ತಿಗುಂದುತ್ತವೆ. ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರು ಆಳದೊಳಗೆ ಅವುಗಳ ಶಕ್ತಿಯ ಹೆಚ್ಚಿನ ಭಾಗ ಹೀರಲ್ಪಡುತ್ತದೆ. ಅದಕ್ಕಿಂತ ಒಳಗಿರುವ ಭಾಗಕ್ಕೆ ಬಿಸಿ ತಲುಪಬೇಕಾದರೆ ಹಳೆಯ ದಾರಿಯಲ್ಲಿಯೇ, ಪದರದಿಂದ ಪದರಕ್ಕೆ ನಿಧಾನವಾಗಿ ಹರಿಯಬೇಕು. ಮುಂದೆ ಹೇಳುವ ಹಲವು ಎಚ್ಚರಿಕೆಗಳಿಗೆ ಈ ಅಂಶವೇ ಮೂಲ.

ಇನ್ನು ಕಿರಣಗಳ ಭಯವನ್ನು ವಿಚಾರಿಸೋಣ. ‘ವಿಕಿರಣ’ ಎಂಬ ಶಬ್ದವನ್ನು ಕೇಳಿದೊಡನೆ ಅಣುಬಾಂಬು ಕಣ್ಮುಂದೆ ಬಂದು ನಿಲ್ಲುವುದು ಈ ಭಯಕ್ಕೆ ಕಾರಣವಿರಬೇಕು. ಆದರೆ ದೀಪದ ಬೆಳಕೂ ವಿಕಿರಣವೇ, ಕೆಂಡದ ಕಾವೂ ವಿಕಿರಣವೇ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಜೀವಕೋಶವನ್ನು ಕೆಡಿಸುವ ಸಾಮರ್ಥ್ಯ ಕ್ಷಕಿರಣಗಳಂಥವುಗಳಿಗೆ ಉಂಟು. ಸೂಕ್ಷ್ಮತರಂಗದ ಒಂದು ಶಕ್ತಿಕಣ ಕಣ್ಣಿಗೆ ಕಾಣುವ ಬೆಳಕಿನ ಶಕ್ತಿಕಣದ ಸುಮಾರು ಎರಡು ಲಕ್ಷದ ಒಂದು ಭಾಗದಷ್ಟು ಮಾತ್ರ. ಅದು ಬಿಸಿ ಮಾಡಬಲ್ಲುದು, ಆಹಾರವನ್ನು ವಿಕಿರಣಶೀಲವಾಗಿಸಲಾರದು. ಗುಂಡಿ ಒತ್ತಿ ಒಲೆಯನ್ನು ನಿಲ್ಲಿಸಿದೊಡನೆ ಅಲೆಗಳೂ ಇಲ್ಲವಾಗುತ್ತವೆ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಹೇಗೆ ಉಳಿಯುವುದಿಲ್ಲವೋ ಹಾಗೆಯೇ ಅನ್ನದಲ್ಲಿ ಅಲೆ ಉಳಿದಿರುವುದಿಲ್ಲ. ಜೀವಸತ್ವಗಳು ನಾಶವಾಗುವುವೆಂಬ ಅಂಜಿಕೆಗೂ ವಿಶೇಷ ಆಧಾರವಿಲ್ಲ. ಕಡಿಮೆ ನೀರಿನಲ್ಲಿ ಕಡಿಮೆ ಹೊತ್ತು ಬೇಯಿಸಿದ ತರಕಾರಿಯಲ್ಲಿ ಜೀವಸತ್ವಗಳು ಚೆನ್ನಾಗಿಯೇ ಉಳಿಯುತ್ತವೆ.

ಹಾಗೆಂದು ಅಲೆಗಳು ಹೊರಗೆ ಬಂದರೆ ತೊಂದರೆಯಿಲ್ಲವೆಂದು ತಿಳಿಯಬಾರದು. ನಮ್ಮ ದೇಹದಲ್ಲಿಯೂ ನೀರೇ ಹೆಚ್ಚು; ಬೇಯಿಸುವ ಪ್ರಮಾಣದ ಅಲೆ ಮೈಗೆ ತಾಗಿದರೆ ಸುಟ್ಟ ಗಾಯವಾಗುತ್ತದೆ. ಕಣ್ಣಿನ ಮಸೂರಕ್ಕೆ ಬಿಸಿಯನ್ನು ಸಾಗಿಸಿ ತಂಪುಗೊಳಿಸಲು ರಕ್ತನಾಳಗಳಿಲ್ಲವಾದ್ದರಿಂದ ಅದು ವಿಶೇಷವಾಗಿ ಸೂಕ್ಷ್ಮ. ಆದುದರಿಂದಲೇ ಒಲೆಯನ್ನು ಆರು ಕಡೆಯೂ ಲೋಹದಿಂದ ಮುಚ್ಚಿರುತ್ತಾರೆ. ಬಾಗಿಲಿನ ಗಾಜಿನ ಹಿಂದೆ ಸಣ್ಣ ಸಣ್ಣ ರಂಧ್ರಗಳುಳ್ಳ ಲೋಹದ ತಗಡಿರುವುದನ್ನು ನೀವು ಕಂಡಿರಬಹುದು. ರಂಧ್ರದ ಅಗಲ ಒಂದೆರಡು ಮಿಲಿಮೀಟರ್. ಅಲೆಯ ಉದ್ದ 12 ಸೆಂಟಿಮೀಟರ್. ಬೆಳಕಿನ ಅಲೆ ಅತ್ಯಂತ ಕಿರಿದಾದ್ದರಿಂದ ಆ ರಂಧ್ರದಲ್ಲಿ ಸಲೀಸಾಗಿ ತೂರಿ ಬರುತ್ತದೆ; ನಾವು ಒಳಗಿನ ಪಾತ್ರೆಯನ್ನು ನೋಡಬಹುದು. ಸೂಕ್ಷ್ಮತರಂಗಕ್ಕೆ ಆ ಜಾಲರಿ ಗೋಡೆಯೇ ಸರಿ. ಬಾಗಿಲು ಸ್ವಲ್ಪ ಸರಿದರೂ ಮ್ಯಾಗ್ನೆಟ್ರಾನ್ ತಟ್ಟನೆ ನಿಲ್ಲುವಂತೆ ಒಂದಕ್ಕಿಂತ ಹೆಚ್ಚು ಸ್ವಿಚ್ಚುಗಳನ್ನೂ ಅಳವಡಿಸಿರುತ್ತಾರೆ. ಅಮೆರಿಕದಲ್ಲಿ 1971ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಒಲೆಯ ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಸೋರುವ ಅಲೆ ಒಂದು ಚದರ ಸೆಂಟಿಮೀಟರಿಗೆ 5 ಮಿಲಿವಾಟನ್ನು ಮೀರಬಾರದು. ಸೋರಿದ ಈ ಅಲ್ಪವೂ ದೂರ ಹೋದಂತೆ ಬೇಗನೆ ಕ್ಷೀಣಿಸುತ್ತದೆ. ಹತ್ತು ಪಟ್ಟು ದೂರದಲ್ಲಿ, ಎಂದರೆ ಅರ್ಧ ಮೀಟರಿನಲ್ಲಿ, ಅದು ಸುಮಾರು ನೂರರಲ್ಲಿ ಒಂದು ಭಾಗಕ್ಕೆ ಇಳಿದಿರುತ್ತದೆ. ಒಲೆ ನಡೆಯುತ್ತಿರುವಾಗ ಕೆಲವು ಮನೆಗಳಲ್ಲಿ ವೈಫೈ ತಡವರಿಸುವುದು ಈ ಅತ್ಯಲ್ಪ ಸೋರಿಕೆಯಿಂದಲೇ. ಎರಡೂ ಹೆಚ್ಚುಕಡಿಮೆ ಒಂದೇ ಆವೃತ್ತಿಯ ಅಲೆಗಳು. ವೈಫೈ ಪೆಟ್ಟಿಗೆಯ ಸಾಮರ್ಥ್ಯ ಒಂದು ವಾಟಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿದ್ದರೆ ಒಲೆಯದು 800 ವಾಟ್. ಪಿಸುಮಾತು ಕೇಳಬೇಕಾದ ಕಡೆ ಪಕ್ಕದ ಮನೆಯ ಗದ್ದಲದ ತುಣುಕು ಕೇಳಿಬಂದಂತೆ ಇದು.

ಹೀಗಾಗಿ ಕಿರಣಗಳ ವಿಷಯದಲ್ಲಿ ನಮ್ಮ ಕರ್ತವ್ಯವೆಲ್ಲ ಬಾಗಿಲಿನದು. ಬಾಗಿಲಿನ ಅಂಚಿನಲ್ಲಿ ಜಿಡ್ಡು, ಅನ್ನದ ಅಗುಳು ಕಟ್ಟಿಕೊಳ್ಳಲು ಬಿಡಬಾರದು. ತೆರೆದ ಬಾಗಿಲಿನ ಮೇಲೆ ಮಕ್ಕಳು ಜೋತುಬೀಳಬಾರದು, ಭಾರದ ಪಾತ್ರೆಯನ್ನು ಇಡಬಾರದು. ಕೀಲು ಸಡಿಲವಾಗಿದ್ದರೆ, ಬಾಗಿಲು ಓರೆಯಾಗಿದ್ದರೆ, ಜಾಲರಿ ಹರಿದಿದ್ದರೆ ದುರಸ್ತಿಯಾಗುವವರೆಗೆ ಒಲೆಯನ್ನು ಮುಟ್ಟಬಾರದು. ಇಷ್ಟನ್ನು ಪಾಲಿಸಿದ ಮೇಲೆ ಪಕ್ಕದ ಕೋಣೆಗೆ ಓಡುವ ಅಗತ್ಯವಿಲ್ಲ.

ನಿಜವಾದ ಎಚ್ಚರಿಕೆ ಬೇಕಾದುದು ಬಿಸಿಯ ವಿಷಯದಲ್ಲಿ. ಲೋಹದ ಗೋಡೆಗಳಿಗೆ ಬಡಿದು ಹಿಂದಿರುಗುವ ಅಲೆಗಳು ಎದುರು ಬರುವ ಅಲೆಗಳೊಡನೆ ಕೂಡಿ, ಪೆಟ್ಟಿಗೆಯ ಕೆಲವು ಸ್ಥಳಗಳಲ್ಲಿ ಪ್ರಬಲವಾಗಿಯೂ ಕೆಲವು ಸ್ಥಳಗಳಲ್ಲಿ ಇಲ್ಲವೇ ಇಲ್ಲವೆನ್ನುವಂತೆಯೂ ನೆಲೆ ನಿಲ್ಲುತ್ತವೆ. ಇದನ್ನು ಕಣ್ಣಾರೆ ಕಾಣಲು ನಮ್ಮ ಉದ್ದಿನ ಹಪ್ಪಳವೇ ಸಾಕು. ಮನೆಯ ಹಿರಿಯರು ಜೊತೆಯಲ್ಲಿದ್ದಾಗ, ತಿರುಗುವ ತಟ್ಟೆಯನ್ನು ಹೊರತೆಗೆದು, ಅದನ್ನು ತಿರುಗಿಸುವ ಕೀಲಿಗೆ ತಾಗದಂತೆ ಬೇರೊಂದು ಅಗಲವಾದ ಗಾಜಿನ ತಟ್ಟೆಯಲ್ಲಿ ಹಸಿ ಹಪ್ಪಳಗಳನ್ನು ಒತ್ತೊತ್ತಾಗಿ ಹರಡಿ, ಕಣ್ಣು ತೆಗೆಯದೆ ಕೆಲವು ಸೆಕೆಂಡು ಮಾತ್ರ ಒಲೆಯನ್ನು ನಡೆಸಬೇಕು. ಅಲ್ಲಲ್ಲಿ ಹಪ್ಪಳ ಬೆಳ್ಳಗೆ ಅರಳುತ್ತದೆ. ನಡುನಡುವೆ ಹಸಿಯಾಗಿಯೇ ಉಳಿಯುತ್ತದೆ. ಅರಳಿದ ಎರಡು ನೆರೆಯ ಕಲೆಗಳ ನಡುವಣ ದೂರ ಸುಮಾರು 6 ಸೆಂಟಿಮೀಟರ್ ಇರುತ್ತದೆ. ಇದು ಅರ್ಧ ಅಲೆಯ ಉದ್ದ. ಇಡೀ ಅಲೆ 12 ಸೆಂಟಿಮೀಟರ್. ಅದನ್ನು ಮೀಟರಿಗೆ ಪರಿವರ್ತಿಸಿ, 245 ಕೋಟಿಯ ಆವೃತ್ತಿಯಿಂದ ಗುಣಿಸಿದರೆ ಸೆಕೆಂಡಿಗೆ 29 ಕೋಟಿ 40 ಲಕ್ಷ ಮೀಟರ್ ಎಂಬ ಉತ್ತರ ಬರುತ್ತದೆ. ಬೆಳಕಿನ ವೇಗ 29,97,92,458 ಮೀಟರ್! ಅಳತೆಪಟ್ಟಿಯಿಂದ ಹಪ್ಪಳವನ್ನು ಅಳೆದು ಬೆಳಕಿನ ವೇಗದ ಇಷ್ಟು ಸಮೀಪಕ್ಕೆ ಬರುವುದು ವಿಸ್ಮಯದ ಸಂಗತಿಯೇ ಸರಿ.

ಹಪ್ಪಳದಲ್ಲಿ ವಿನೋದವಾಗಿ ಕಾಣುವ ಈ ಏರುಪೇರು ಬೇರೆ ಪದಾರ್ಥಗಳಲ್ಲಿ ಕಣ್ಣಿಗೆ ಬೀಳುವುದಿಲ್ಲ. ತಿರುಗುವ ತಟ್ಟೆ ಅದನ್ನು ತಗ್ಗಿಸುತ್ತದೆ, ಪೂರ್ತಿಯಾಗಿ ಹೋಗಲಾಡಿಸಲಾರದು. ಕೂಸಿನ ಹಾಲಿನ ಬಾಟಲಿಯನ್ನು ಈ ಒಲೆಯಲ್ಲಿಟ್ಟರೆ ಆಗುವ ಅನಾಹುತಕ್ಕೆ ಇದೇ ಕಾರಣ. ಬಾಟಲಿಯ ಹೊರಮೈ ಮುಟ್ಟಿದವರಿಗೆ ಹಿತವಾಗಿ ಬೆಚ್ಚಗಿರುತ್ತದೆ. ಒಳಗೆ ಒಂದು ಭಾಗದ ಹಾಲು ನಾಲಗೆ ಬೊಬ್ಬೆ ಬರುವಷ್ಟು ಕಾದಿರುತ್ತದೆ. ಮಾತು ಬಾರದ ಮಗು ಅದನ್ನು ಹೇಗೆ ತಾನೇ ತಿಳಿಸೀತು? ಮಗುವಿನ ಹಾಲನ್ನು ಬಿಸಿನೀರಿನ ಬಟ್ಟಲಿನಲ್ಲಿ ಬಾಟಲಿಯನ್ನಿಟ್ಟು ಬೆಚ್ಚಗೆ ಮಾಡುವ ಅಜ್ಜಿಯರ ಕ್ರಮವೇ ಉತ್ತಮ. ಕೈಯ ಮಣಿಕಟ್ಟಿನ ಮೇಲೆ ಒಂದೆರಡು ಹನಿ ಹಾಕಿ ನೋಡುವ ರೂಢಿಯನ್ನೂ ಬಿಡಬಾರದು.

ಉಳಿದ ಅಡುಗೆಯನ್ನು ಬಿಸಿ ಮಾಡುವಾಗ ಅಪಾಯ ಬೇರೊಂದು ರೂಪದಲ್ಲಿ ಬರುತ್ತದೆ. ಸಾರಿನ ಒಂದು ಮೂಲೆ ಕುದಿಯುತ್ತಿದ್ದರೆ ಇನ್ನೊಂದು ಮೂಲೆ ತಣ್ಣಗಿರಬಹುದು. ಆ ತಣ್ಣನೆಯ ಮೂಲೆಯಲ್ಲಿ ರೋಗಾಣುಗಳು ಸುಖವಾಗಿ ಬದುಕಿರುತ್ತವೆ. ಆದುದರಿಂದ ಪದಾರ್ಥವನ್ನು ತೆಳ್ಳಗೆ ಹರಡಿ, ನಡುವೆ ಒಮ್ಮೆ ತೆಗೆದು ಚೆನ್ನಾಗಿ ಕಲಕಿ, ಎಲ್ಲ ಕಡೆಯೂ ಸುಮಾರು 75 ಡಿಗ್ರಿ ಸೆಲ್ಸಿಯಸ್ ತಲುಪುವಂತೆ, ಎಂದರೆ ಪಾತ್ರೆಯ ಎಲ್ಲ ಭಾಗದಿಂದಲೂ ಹಬೆಯೇಳುವಂತೆ ಕಾಯಿಸಬೇಕು. ಒಲೆ ನಿಂತ ಮೇಲೆ ಒಂದೆರಡು ನಿಮಿಷ ಹಾಗೆಯೇ ಬಿಡಬೇಕೆಂದು ಹೇಳುವುದೂ ಇದೇ ಕಾರಣಕ್ಕೆ. ಆ ವಿರಾಮದಲ್ಲಿ ಬಿಸಿ ಒಳಭಾಗಕ್ಕೆ ಹರಿಯುತ್ತದೆ. ಮಂಜುಗಟ್ಟಿದ ಪದಾರ್ಥದಲ್ಲಿ ಇನ್ನಷ್ಟು ತೊಡಕು. ಮಂಜಿನಲ್ಲಿ ನೀರಿನ ಅಣುಗಳು ಬಿಗಿಯಾಗಿ ಕಟ್ಟಲ್ಪಟ್ಟಿರುವುದರಿಂದ ಅಲೆಗಳಿಗೆ ಅಷ್ಟಾಗಿ ಸ್ಪಂದಿಸವು. ಮೊದಲು ಕರಗಿದ ಹನಿಯೇ ಶಕ್ತಿಯನ್ನೆಲ್ಲ ಹೀರಿ ಕುದಿಯತೊಡಗುತ್ತದೆ. ಅದಕ್ಕಾಗಿಯೇ ತಡೆತಡೆದು ಕಾಯಿಸುವ ಏರ್ಪಾಡು ಒಲೆಯಲ್ಲಿದೆ.

ನಮ್ಮಂಥ ಅನ್ನ ಉಣ್ಣುವ ನಾಡಿನವರು ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಬೇಯಿಸಿದ ಅನ್ನವನ್ನು ಸೆಕೆಯಲ್ಲಿ ಬಹಳ ಹೊತ್ತು ಹೊರಗಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುವುದುಂಟು. ಅದರ ಬೀಜಕಗಳು ಅಕ್ಕಿ ಬೇಯುವಾಗಲೂ ಸಾಯವು. ಅದು ಅನ್ನದಲ್ಲಿ ಉತ್ಪಾದಿಸುವ, ವಾಂತಿ ತರಿಸುವ ವಿಷವಂತೂ ಮತ್ತೆ ಕಾಯಿಸಿದರೂ ಅಳಿಯುವುದಿಲ್ಲ. ಹೊಗೆಯಾಡುವಷ್ಟು ಬಿಸಿ ಮಾಡಿದೆವೆಂದು ಹಾಳಾದ ಅನ್ನ ಶುದ್ಧವಾಗದು. ಉಳಿದುದನ್ನು ಒಂದೆರಡು ಗಂಟೆಯೊಳಗೆ ತಂಪುಪೆಟ್ಟಿಗೆಗೆ ಸೇರಿಸುವುದೇ ಅದಕ್ಕೆ ಮದ್ದು. ಈ ತಪ್ಪಿನ ಹೊರೆಯನ್ನು ಒಲೆಯ ಮೇಲೆ ಹೊರಿಸುವಂತಿಲ್ಲ.

ಈಗ ಆ ಶಾಂತವಾದ ನೀರಿನ ಲೋಟದ ಬಳಿಗೆ ಬರೋಣ. ಗ್ಯಾಸಿನ ಒಲೆಯ ಮೇಲಿನ ಪಾತ್ರೆಯಲ್ಲಿ ತಳವೇ ಎಲ್ಲಕ್ಕಿಂತ ಬಿಸಿ. ತಳದ ಗೀರುಗಳಲ್ಲಿ, ತಗ್ಗುಗಳಲ್ಲಿ ಅವಿತಿರುವ ಗಾಳಿಯ ಕಣಗಳನ್ನು ಆಶ್ರಯಿಸಿ ಹಬೆಯ ಗುಳ್ಳೆಗಳು ಹುಟ್ಟುತ್ತವೆ, ಮೇಲೇಳುತ್ತವೆ, ನೀರನ್ನು ಕಲಕುತ್ತವೆ. ಗುಳ್ಳೆ ಹುಟ್ಟಲು ಇಂಥದೊಂದು ಆಸರೆ ಬೇಕು. ಮೈಕ್ರೋವೇವ್ ಒಲೆಯಲ್ಲಿಟ್ಟ ನುಣುಪಾದ ಗಾಜಿನ ಅಥವಾ ಪಿಂಗಾಣಿಯ ಲೋಟ ತಾನಾಗಿ ಕಾಯುವುದಿಲ್ಲ; ನೀರಿಗಿಂತ ಅದೇ ತಂಪು. ಗೀರುಗಳೂ ವಿರಳ. ಹೀಗಾಗಿ ನೀರು 100 ಡಿಗ್ರಿಯನ್ನು ದಾಟಿದರೂ ಕುದಿಯದೆ ಮೌನವಾಗಿರಬಲ್ಲುದು. ಒಮ್ಮೆ ಕಾಯಿಸಿ ಆರಿಸಿದ ನೀರನ್ನು ಮತ್ತೆ ಕಾಯಿಸಿದಾಗ, ಅದರಲ್ಲಿ ಕರಗಿದ್ದ ಗಾಳಿ ಹೊರಟುಹೋಗಿರುವುದರಿಂದ, ಇದು ಇನ್ನೂ ಸುಲಭವಾಗಿ ಸಂಭವಿಸುತ್ತದೆ. ಇಂಥ ಲೋಟವನ್ನು ಎತ್ತಿದ ಕುಲುಕಾಟ ಸಾಕು, ಚಮಚ ಸಕ್ಕರೆ ಸಾಕು, ಕಾಫಿಪುಡಿಯ ಚಿಟಿಕೆ ಸಾಕು. ಕಾದು ಕುಳಿತಿದ್ದ ಗುಳ್ಳೆಗಳೆಲ್ಲ ಒಮ್ಮೆಲೇ ಹುಟ್ಟಿ ನೀರು ಮುಖದೆತ್ತರಕ್ಕೆ ಸಿಡಿಯುತ್ತದೆ. ಕೈಯೂ ಕೆನ್ನೆಯೂ ಬೆಂದವರ ಪ್ರಕರಣಗಳು ಅನೇಕ ದೇಶಗಳಲ್ಲಿ ವರದಿಯಾಗಿವೆ. ಪರಿಹಾರ ಬಹಳ ಸುಲಭ. ಕಾಯಿಸುವ ಮೊದಲೇ ಲೋಟದಲ್ಲಿ ಒಂದು ಮರದ ಕಡ್ಡಿಯನ್ನು ಇಟ್ಟರೆ ಗುಳ್ಳೆಗಳಿಗೆ ಬೇಕಾದ ಆಸರೆ ದೊರೆಯುತ್ತದೆ. ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಾಯಿಸಬಾರದು. ಒಲೆ ನಿಂತ ಮೇಲೆ ಒಂದು ನಿಮಿಷ ಬಾಗಿಲನ್ನು ತೆರೆಯದೆ ಕಾದು, ಮುಖವನ್ನು ದೂರವಿರಿಸಿ, ಬಟ್ಟೆ ಹಿಡಿದು ತೆಗೆಯಬೇಕು. ಮುಚ್ಚಿದ ಪಾತ್ರೆಯ ಮುಚ್ಚಳವನ್ನು ತೆಗೆಯುವಾಗಲೂ ಹಬೆ ನಮ್ಮಿಂದ ಆಚೆಗೆ ಹೋಗುವಂತೆ ಓರೆ ಮಾಡಬೇಕು.

ಸಿಪ್ಪೆಯೊಳಗೆ ಹಬೆ ಸಿಕ್ಕಿಕೊಂಡಾಗ ಆಗುವುದೂ ಇಂಥದೇ ಸ್ಫೋಟ. ಕೆಂಡದಲ್ಲಿ ಹಲಸಿನ ಬೀಜ ಸುಟ್ಟವರಿಗೆ ಅದು ಢಬ್ಬೆಂದು ಹಾರುವುದು ಗೊತ್ತು; ತಿಳಿದವರು ಬೀಜಕ್ಕೆ ಮೊದಲೇ ಸಣ್ಣ ಸೀಳು ಮಾಡುತ್ತಾರೆ. ಆಲೂಗಡ್ಡೆ, ಬದನೆ, ಟೊಮೇಟೊಗಳಿಗೂ ಚುಚ್ಚಿ ರಂಧ್ರ ಮಾಡದೆ ಈ ಒಲೆಯಲ್ಲಿ ಇಡಬಾರದು. ಮೊಟ್ಟೆಯನ್ನಂತೂ ಓಡಿನ ಸಮೇತ ಇಡಲೇಬಾರದು. ಬೇಯಿಸಿ ಸುಲಿದ ಮೊಟ್ಟೆಯನ್ನು ಮತ್ತೆ ಬಿಸಿ ಮಾಡಿದರೂ ಅದು ತಟ್ಟೆಗೆ ಬಂದು, ಕಚ್ಚಿದ ಕ್ಷಣದಲ್ಲಿ ಬಾಯಲ್ಲಿ ಸಿಡಿಯಬಹುದು. ಬಿಗಿಯಾಗಿ ಮುಚ್ಚಿದ ಡಬ್ಬಿಗಳ ಗತಿಯೂ ಇದೇ.

ಪಾತ್ರೆಗಳ ವಿಚಾರಕ್ಕೆ ಬಂದರೆ, ನಮ್ಮ ಅಡುಗೆಮನೆಗಳ ಹೆಮ್ಮೆಯಾದ ಸ್ಟೀಲಿಗೆ ಇಲ್ಲಿ ಪ್ರವೇಶವಿಲ್ಲ. ಲೋಹ ಅಲೆಗಳನ್ನು ಹಿಂದಕ್ಕೆ ಹೊಡೆಯುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟ ಅನ್ನ ಬಿಸಿಯಾಗುವುದಿಲ್ಲ. ಒಲೆಯ ಗೋಡೆಯೇ ಲೋಹದ್ದಾಗಿರುವಾಗ ಚಮಚವೊಂದರಿಂದ ಏನು ಕೇಡೆಂದು ಕೇಳಬಹುದು. ಗೋಡೆ ನುಣುಪಾಗಿ, ಒಂದೇ ಸಮನಾಗಿ ಹರಡಿಕೊಂಡಿದೆ. ಮುಳ್ಳುಚಮಚದ ಮೊನೆ, ಸುಕ್ಕಾದ ಅಲ್ಯೂಮಿನಿಯಂ ಹಾಳೆಯ ಅಂಚು, ಪಿಂಗಾಣಿ ಬಟ್ಟಲಿನ ಬಂಗಾರದ ಗೆರೆ ಇಂಥ ಚೂಪಾದ, ತೆಳುವಾದ ಕಡೆಗಳಲ್ಲಿ ವಿದ್ಯುದಾವೇಶ ಒತ್ತಟ್ಟಿಗೆ ನೆರೆದು ಕಿಡಿ ಹಾರುತ್ತದೆ. ಮೈಕ್ರೋವೇವ್ ಬಳಕೆಗೆ ಯೋಗ್ಯವೆಂದು ಗುರುತು ಹಾಕಿದ ಗಾಜು ಅಥವಾ ಪಿಂಗಾಣಿ ಪಾತ್ರೆ ಎಲ್ಲಕ್ಕಿಂತ ನೆಮ್ಮದಿಯದು. ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬಂದ ತೆಳು ಪ್ಲಾಸ್ಟಿಕ್ ಡಬ್ಬಿ, ಐಸ್‌ಕ್ರೀಮಿನ ಖಾಲಿ ಡಬ್ಬಿ ಇವು ತಣ್ಣನೆಯ ಪದಾರ್ಥಕ್ಕೆ ಸರಿ. ಎಣ್ಣೆಯ ಪಲ್ಯ ಅವುಗಳಲ್ಲಿ ಕಾದಾಗ ಪ್ಲಾಸ್ಟಿಕ್ ಮೆತ್ತಗಾಗಿ ಅದರ ಅಂಶಗಳು ಆಹಾರಕ್ಕೆ ಇಳಿಯಬಹುದು. ಮೆಲಮೈನ್ ತಟ್ಟೆಗಳು ತಾವೇ ಕಾದು ಬಿರಿಯುತ್ತವೆ. ಎಣ್ಣೆ ಕಾಯಿಸಿ ಒಗ್ಗರಣೆ ಹಾಕುವ, ಕರಿಯುವ ಕೆಲಸವನ್ನು ಗ್ಯಾಸಿನ ಒಲೆಗೇ ಬಿಡುವುದು ಒಳ್ಳೆಯದು. ಇಲ್ಲಿ ಎಣ್ಣೆ ಎಷ್ಟು ಕಾದಿದೆಯೆಂಬುದು ತಿಳಿಯದು, ಹತ್ತಿಕೊಂಡರೆ ತಡೆಯುವುದು ಕಷ್ಟ. ಖಾಲಿ ಒಲೆಯನ್ನು ನಡೆಸುವುದೂ ಸಲ್ಲ. ಹೀರುವ ಪದಾರ್ಥವಿಲ್ಲದೆ ಅಲೆಗಳು ಮ್ಯಾಗ್ನೆಟ್ರಾನಿಗೇ ಮರಳಿ ಅದನ್ನು ಕೆಡಿಸುತ್ತವೆ.

ಒಣ ಕೊಬ್ಬರಿ, ಬ್ರೆಡ್ಡು, ಕಾಗದದ ಪೊಟ್ಟಣ ಮುಂತಾದ ನೀರಿನಂಶ ಕಡಿಮೆಯಿರುವ ವಸ್ತುಗಳು ಹೆಚ್ಚು ಹೊತ್ತು ಕಾದರೆ ಒಳಗೇ ಬೆಂಕಿ ಹತ್ತಬಹುದು. ಆಗ ಗಾಬರಿಯಿಂದ ಬಾಗಿಲು ತೆರೆಯುವುದೇ ಸಾಮಾನ್ಯವಾಗಿ ಎಲ್ಲರೂ ಮಾಡುವ ಕೆಲಸ, ಅದೇ ಮಾಡಬಾರದ ಕೆಲಸ. ತೆರೆದ ಬಾಗಿಲು ಬೆಂಕಿಗೆ ಗಾಳಿಯನ್ನು ಉಣಿಸುತ್ತದೆ. ಬಾಗಿಲನ್ನು ಮುಚ್ಚಿಯೇ ಇಟ್ಟು, ಒಲೆಯನ್ನು ನಿಲ್ಲಿಸಿ, ಗೋಡೆಯ ಸ್ವಿಚ್ಚನ್ನು ಆರಿಸಿದರೆ ಅಂಥ ಸಣ್ಣ ಬೆಂಕಿ ಸಾಮಾನ್ಯವಾಗಿ ಉಸಿರು ಕಟ್ಟಿ ತಾನೇ ನಂದುತ್ತದೆ. ನಂದದೆ ಹಬ್ಬುವಂತೆ ತೋರಿದರೆ ಮನೆಯವರನ್ನು ಹೊರಗೆ ಕಳುಹಿಸಿ ಅಗ್ನಿಶಾಮಕ ದಳವನ್ನು ಕರೆಯಬೇಕು.

ಕೊನೆಯದಾಗಿ ವಿದ್ಯುತ್ತಿನ ಮಾತು. 800 ವಾಟ್ ಶಕ್ತಿಯನ್ನು ಆಹಾರಕ್ಕೆ ಕೊಡುವ ಒಲೆ ಗೋಡೆಯಿಂದ ಸುಮಾರು 1,200 ವಾಟನ್ನು ಸೆಳೆಯುತ್ತದೆ. ಭೂಸಂಪರ್ಕವಿರುವ ದೊಡ್ಡ ಮೂರು ಕಣ್ಣಿನ ಸಾಕೆಟ್ಟಿಗೆ ಅದನ್ನು ನೇರವಾಗಿ ಜೋಡಿಸಬೇಕು; ದೀಪಕ್ಕೂ ಮೊಬೈಲಿಗೂ ಹಂಚಿದ ಎಳೆತಂತಿಯ ಪೆಟ್ಟಿಗೆ ಇದಕ್ಕೆ ತಕ್ಕುದಲ್ಲ. ಗಾಳಿಕಿಂಡಿಗಳನ್ನು ಗೋಡೆಗೆ ಒತ್ತಿಯೋ ಬಟ್ಟೆ ಹೊದಿಸಿಯೋ ಮುಚ್ಚಬಾರದು. ಮ್ಯಾಗ್ನೆಟ್ರಾನಿಗೆ ಸಾವಿರಾರು ವೋಲ್ಟ್ ವಿದ್ಯುತ್ತು ಬೇಕಾದ್ದರಿಂದ ಒಲೆಯ ಒಡಲಿನಲ್ಲಿ ಪರಿವರ್ತಕವೂ, ಕೆಪಾಸಿಟರ್ ಎಂಬ ವಿದ್ಯುದ್ಧಾರಕವೂ ಇರುತ್ತವೆ. ಈ ಧಾರಕ ಕೂಡಿಟ್ಟುಕೊಂಡ ಆವೇಶ ಪ್ಲಗ್ಗನ್ನು ಕಿತ್ತ ಮೇಲೂ ಉಳಿದಿರಬಹುದು. ಮುಟ್ಟಿದವರ ಪ್ರಾಣವನ್ನು ತೆಗೆಯಲು ಅಷ್ಟು ಸಾಕು. ರೇಡಿಯೋ ಬಿಚ್ಚಿ ಜೋಡಿಸಿದ ಜಾಣ ಹುಡುಗರಿಗೆ ಈ ಪೆಟ್ಟಿಗೆಯ ತಿರುಪುಗಳ ಮೇಲೂ ಕೈಯಾಡಿಸುವ ಆಸೆಯಾಗುವುದು ಸಹಜ. ಆ ಕೆಲಸ ಅದನ್ನೇ ಕಲಿತ ದುರಸ್ತಿಗಾರನದು. ಅವನೂ ಕೂಡ ಹೊದಿಕೆಯನ್ನು ತೆಗೆದೊಡನೆ ಮೊದಲು ಆ ಧಾರಕದ ಆವೇಶವನ್ನು ಇಳಿಸಿ, ಇಳಿದಿದೆಯೆಂದು ಪರೀಕ್ಷಿಸಿ, ಆಮೇಲೆ ಒಳಗೆ ಕೈ ಇಡುತ್ತಾನೆ.